ಮೂವತ್ತೆರಡು

ಅಂಟು ಇರಬಾರದು.
ಪಿನ್ನು, ದಾರ, ತಂತಿ, ಮಿಂಚುಪುಡಿ ಇರಬಾರದು.
ಕಾಗದದೊಳಗೆ ಕಾಗದವಲ್ಲದ್ದು
ಯಾವುದೂ ಇರಬಾರದು ಅಂತ
ಕಡಪದ ಜೈಲಿನ ಗೇಟಿನವನು
ಮೊದಲ ಸಲವೇ ಬೆರಳು ಮಡಿಸಿ ಮಡಿಸಿ ಹೇಳಿದ್ದ.

ಪತ್ರ ಬರೆಯಬಹುದಂತೆ, ತೆಲುಗಿನಲ್ಲಿ.
ಕನ್ನಡದ್ದನ್ನು ಓದಿ ನೋಡುವವರು ಅಲ್ಲಿಲ್ಲ,
ಓದದೆ ಒಳಗೆ ಬಿಡುವುದಿಲ್ಲ.
ನನಗೆ ತೆಲುಗು ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ.
ನಮ್ಮ ರಾಯದುರ್ಗದಲ್ಲಿ, ನಮ್ಮ ಓಣಿಯಲ್ಲಂತೂ,
ಚೌಕಾಸಿ ತೆಲುಗು, ಬೈಗುಳ ಕನ್ನಡ.
ಗಾದಿಲಿಂಗನಿಗೆ ನಾನು ಹೇಳಬೇಕಾದ್ದು
ಬಹಳಷ್ಟು ಬೈಗುಳವೇ.

ನೋಡಲು ಹೋದರೆ ಹೊರಗೆ ಬರುವುದಿಲ್ಲ ಅವನು.
ಎರಡು ಸಲ ಬಸ್ಸಿನ ದುಡ್ಡು ದಂಡ.
ಹಾಗಾಗಿ ಏನೂ ಬರೆಯದೆ
ಮಡಿಸಲು ಶುರುಮಾಡಿದೆ.

ಜೀನ್ಸ್ ಶೆಡ್ಡಿನಲ್ಲಿ ಕಾಗದಕ್ಕೇನು ಬರ?
ಖಾಜಾ ಮಾಸ್ತರ ಅಳತೆಯ ಖಾಕಿ ಹಾಳೆಗಳು,
ಮುಂಭಾಗ, ಹಿಂಭಾಗ, ಪಟ್ಟಿ, ಜೇಬು,
ಅಂಚು ಸವೆದ ಮೇಲೆ ಮೂಲೆಗೆ ಬೀಳುತ್ತವೆ.
ಸಾವಿರ ಪ್ಯಾಂಟಿಗೆ ದಾರಿ ತೋರಿಸಿ ದಣಿದ ಹಾಳೆ
ಸುರುಳಿ ಸುತ್ತಿಕೊಂಡು ನನ್ನ ಚೀಲದಲ್ಲಿ ಮನೆಗೆ ಬರುತ್ತದೆ.
ರಾತ್ರಿ ಪಾತ್ರೆ ತೊಳೆದಾದ ಮೇಲೆ, ಮಣೆಯ ಮೇಲಿಟ್ಟು,
ಕತ್ತರಿಯ ಹಿಡಿಯಿಂದ ಗೆರೆ ತಿಕ್ಕಿ ತಿಕ್ಕಿ
ಮೊದಲು ಕಪ್ಪೆ.

ಅವನೇ ಕಲಿಸಿದ್ದು, ಮೂರನೇ ಕ್ಲಾಸಿನಲ್ಲಿ.
(ನಾನೊಂದು ಸಲ ಫೇಲಾಗಿ
ಅಕ್ಕ ತಮ್ಮ ಒಂದೇ ಬೆಂಚಿಗೆ ಬಂದಿದ್ದೆವು.)
ಲೆಕ್ಕದ ಪುಸ್ತಕದ ನಡುಹಾಳೆ ಹರಿದು
ಬೆನ್ನು ಒತ್ತಿದರೆ ಹಾರುವ ಕಪ್ಪೆ,
ಶಾಯಿಬುಡ್ಡಿ, ಜೋಡಿದೋಣಿ,
ಬಾಯಿ ತೆರೆದು ಟಕ್ ಅನ್ನುವ ಕ್ಯಾಮೆರಾ.
ಹರಿದವನು ಅವನು, ಏಟು ನನಗೆ.

ಉಬ್ಬಿದ್ದು ಲಕೋಟೆಯಲ್ಲಿ ಹೋಗದು.
ಯಾವುದಕ್ಕೇ ಆಗಲಿ ಚಪ್ಪಟೆ ಮಲಗಲು ಕಲಿಸಬೇಕು,
ತಲುಪಿದ ಮೇಲೆ ಏಳುವುದು ಮರೆಯದ ಹಾಗೆ.
ಕಪ್ಪೆ ಬೇಗ ಕಲಿತಿತು.
ಶಾಯಿಬುಡ್ಡಿಗೆ ನಾಲ್ಕು ರಾತ್ರಿ ಹಿಡಿಯಿತು.

ಪೋಸ್ಟಾಫೀಸಿನ ವಸುಂಧರಮ್ಮ ತಕ್ಕಡಿಯ ಮೇಲಿಟ್ಟು
"ಲೋಪಲ ಏಮುಂದಿ?" ಅಂದರೆ
"ಕಪ್ಪ" ಅನ್ನುತ್ತೇನೆ.
ನಗುವುದಿಲ್ಲ ಅವರು. ಸೀಲು ಹೊಡೆಯುತ್ತಾರೆ
ಒಳಗಿರುವುದರ ಬೆನ್ನಿಗೆ ಬೀಳದಂತೆ, ಮೂಲೆಗೆ, ಮೆತ್ತಗೆ.

ಎರಡು ವರ್ಷ ಒಂದೂ ಉತ್ತರವಿಲ್ಲ.
ತಲುಪಿತೋ, ಗೇಟಿನವನ ಮಗು ಆಡಿಕೊಂಡಿತೋ.
ಸಿಟ್ಟು ಬಂದು ಹೋದ ತಿಂಗಳು
ಪ್ಯಾಂಟನ್ನೇ ಮಡಿಸಿದೆ, ಅಂಗೈಯಗಲದ್ದು,
ಜೇಬು, ಪಟ್ಟಿ, ಬೆಲ್ಟಿನ ಕುಣಿಕೆ ಸಮೇತ.
ಮಾಸ್ತರ ನೀಲಿ ಪೆನ್ಸಿಲಿನ ೩೨
ಸರಿಯಾಗಿ ಸೊಂಟದ ಮೇಲೆ ಬರುವಂತೆ ನೋಡಿಕೊಂಡೆ.
ಅವನ ಅಳತೆ ಅದೇ.
ಪೊಲೀಸರು ಕರೆದೊಯ್ದ ದಿನ
ಮೈಮೇಲಿದ್ದದ್ದು ನಾನು ಹೊಲಿದದ್ದು.

ಸೋಮವಾರ ಲಕೋಟೆ ಬಂತು.
ವಿಳಾಸ ನನ್ನದು, ಅಕ್ಷರ ಯಾರದೋ, ತೆಲುಗು.
ಒಳಗೆ ಅದೇ ಪ್ಯಾಂಟು.
ಒಂದು ಸಾಲಿಲ್ಲ. ತಿರುಗಿಸಿದೆ, ದೀಪಕ್ಕೆ ಹಿಡಿದೆ.
ಆಮೇಲೆ ಬೆರಳಿಗೆ ಸಿಕ್ಕಿತು:
ಸೊಂಟದ ಎರಡೂ ಬದಿಗೆ
ನಾನು ಹಾಕದ ಒಂದೊಂದು ಮಡಿಕೆ,
ಉಗುರಿನಿಂದ ತಿಕ್ಕಿದ್ದು.
ಬಲಗಡೆಯದು ತುಸು ಸೊಟ್ಟ.
ಅವನು ಎಡಚ.

ಸ್ಕೇಲಿಟ್ಟೆ.
ಎಂಟು ಸೆಂಟಿಮೀಟರು ಮೂವತ್ತೆರಡಾದರೆ
ಏಳು ಎಷ್ಟು?
ಆ ಹರಿದ ಪುಸ್ತಕದ್ದೇ ಲೆಕ್ಕ.
ಇಪ್ಪತ್ತೆಂಟು.

ಬೈದೆ ಆಗ. ಮೂಳ, ಉಣ್ಣೋದಕ್ಕೇನಾಗಿದೆಯೋ ಅಂತ,
ಕನ್ನಡದಲ್ಲಿ, ಬಾಯಿತುಂಬ,
ಪಕ್ಕದ ಮನೆಯ ದೀಪ ಹತ್ತಿಕೊಳ್ಳುವಷ್ಟು.

ಬೆಳಿಗ್ಗೆ ಶೆಡ್ಡಿನಲ್ಲಿ ಹೊಸ ಹಾಳೆಗೆ ಗೆರೆ ಎಳೆಯುತ್ತಿದ್ದರೆ
"ಇದು ಯಾವ ಹುಡುಗನಿಗಮ್ಮ?" ಅಂದರು ಮಾಸ್ತರು.
ತಮ್ಮನಿಗೆ, ಅಂದೆ.
ಕೊರಳ ಟೇಪು ತೆಗೆದರು, ಮತ್ತೆ ಹಾಕಿಕೊಂಡರು.

ಇವತ್ತಿನ ಲಕೋಟೆಯಲ್ಲಿ ಇಪ್ಪತ್ತೆಂಟರ ಪ್ಯಾಂಟಿದೆ.
ಪಟ್ಟಿಯ ಹಿಂದೆ, ಕಾಣದ ಕಡೆ,
ಒಳಮಡಿಕೆ ಹೆಚ್ಚಿಗೆ ಬಿಟ್ಟಿದ್ದೇನೆ,
ಬಿಚ್ಚಿಕೊಂಡರೆ ಮೂವತ್ತೆರಡಾಗುವಷ್ಟು.
ಗೇಟಿನವನು ಬೇಕಾದರೆ ನೋಡಲಿ.
ಅಂಟಿಲ್ಲ, ದಾರವಿಲ್ಲ.